ಮಗಳು ಎಂಟನೇ ಕ್ಲಾಸು, ಹದಿನೆಂಟು ಸಾವಿರದ ಕಂಪ್ಯೂಟರ್ ಕೋರ್ಸಿಗೆ ಸೇರಿಸಬೇಕಾ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ಮೆಕ್ಕೆಜೋಳ ಬೆಳೆಯುತ್ತೇವೆ, ಎರಡು ಆಕಳು ಇವೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ತರಗತಿ, ಕನ್ನಡ ಮಾಧ್ಯಮ. ಶಾಲೆಯಲ್ಲಿ ಕಂಪ್ಯೂಟರ್ ಇವೆ, ಆದರೆ ವಾರಕ್ಕೆ ಒಂದು ಪಿರಿಯಡ್, ಒಂದು ಕಂಪ್ಯೂಟರ್ ಮುಂದೆ ಐದಾರು ಮಕ್ಕಳು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಆರನೇ ಕ್ಲಾಸಿಗೇ ಕೋಡಿಂಗ್ ಕಲಿಯುತ್ತಿದ್ದಾನೆ. ಇಲ್ಲಿ ಪಟ್ಟಣದ ಒಂದು ಕೋಚಿಂಗ್ ಸೆಂಟರಿನವರು ಆರು ತಿಂಗಳಲ್ಲಿ ಸಿ, ಪೈಥಾನ್, ಟ್ಯಾಲಿ, ಫೋಟೋಶಾಪ್ ಎಲ್ಲಾ ಕಲಿಸುತ್ತೇವೆ, ಹದಿನೆಂಟು ಸಾವಿರ ಅಂದಿದ್ದಾರೆ. ನಮ್ಮ ಮನೆಯವರು, ಫೋನೇ ಒಂದು ಕಂಪ್ಯೂಟರ್, ಅವಳಿಗೆ ಫೋನ್ ನನಗಿಂತ ಚೆನ್ನಾಗಿ ಬರುತ್ತೆ, ಸುಮ್ನೆ ದುಡ್ಡು ಯಾಕೆ ಅನ್ನುತ್ತಾರೆ. ಮಗಳಿಗೆ ಇಂಗ್ಲಿಷ್ ಅಂದರೆ ಭಯ. ಈಗ ಕಲಿಸದಿದ್ದರೆ ಅವಳು ಹಿಂದೆ ಬೀಳುತ್ತಾಳಾ? ಲ್ಯಾಪ್‌ಟಾಪ್ ಕೊಡಿಸಬೇಕಾ?

ಉತ್ತರ:

ಮೊದಲು ಒಂದು ಮಾತು. ನಿಮ್ಮ ಮಗಳು ಹಿಂದೆ ಬಿದ್ದಿಲ್ಲ. ಹದಿಮೂರು ವರ್ಷದ ಹುಡುಗಿಗೆ ಕಂಪ್ಯೂಟರಿನ ಬುನಾದಿ ಹಾಕಲು ಇದು ಒಳ್ಳೆಯ ವಯಸ್ಸು. ಆದರೆ ಆ ಬುನಾದಿ ಸೆಂಟರಿನವರು ಹೇಳಿದ ಪಟ್ಟಿಯಲ್ಲಿ ಇಲ್ಲ, ಮನೆಯ ಫೋನಿನಲ್ಲೂ ಪೂರ್ತಿ ಇಲ್ಲ. ಹಾಗಾದರೆ ಎಲ್ಲಿದೆ ಅಂತ ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಓದಿ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೇನೆ. ಮೊದಮೊದಲು ಬರುತ್ತಿದ್ದ ಮಕ್ಕಳಿಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಈಗಿನ ಮಕ್ಕಳ ಕೈ ಬಹಳ ಚುರುಕು. ಒಂದು ವಿಡಿಯೊ ಕತ್ತರಿಸಿ, ಹಾಡು ಸೇರಿಸಿ, ಎರಡು ನಿಮಿಷದಲ್ಲಿ ಕಳಿಸಿಬಿಡುತ್ತಾರೆ. ಆದರೆ ಅದೇ ಮಗುವಿಗೆ "ನಿನ್ನೆ ಬರೆದ ಪ್ರಬಂಧ ಎಲ್ಲಿ ಇಟ್ಟೆ?" ಅಂತ ಕೇಳಿ. "ಗೊತ್ತಿಲ್ಲ ಸರ್, ಇಲ್ಲೇ ಇತ್ತು" ಅನ್ನುತ್ತದೆ. ಈ ಉತ್ತರವನ್ನು ನಾನು ವಾರಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ.

ತಪ್ಪು ಮಗುವಿನದಲ್ಲ. ಫೋನನ್ನು ಮಾಡಿರುವುದೇ ಹಾಗೆ. ಗ್ಯಾಲರಿ ತೆರೆದರೆ ಫೋಟೊ ಸಿಗುತ್ತದೆ. ಅದು ಎಲ್ಲಿ ಕೂತಿದೆ, ಯಾವ ಹೆಸರಿನಲ್ಲಿದೆ, ಎಷ್ಟು ಜಾಗ ತಿಂದಿದೆ ಅಂತ ಯೋಚಿಸುವ ಅಗತ್ಯವೇ ಬರುವುದಿಲ್ಲ. ನಿಮ್ಮ ಮನೆಯವರ ಮಾತು ಅರ್ಧ ನಿಜ. ಫೋನ್ ಒಂದು ಕಂಪ್ಯೂಟರೇ. ಒಳಗೆ ಲೆಕ್ಕ ಮಾಡುವ ಪ್ರೊಸೆಸರ್ ಇದೆ, ರ್‍ಯಾಮ್ ಇದೆ, ಸ್ಟೋರೇಜ್ ಇದೆ. ಆದರೆ ಅದು ಮುಚ್ಚಿಟ್ಟ ಕಂಪ್ಯೂಟರ್. ನೋಡಲು ಅನುಕೂಲ, ಏನಾದರೂ ಮಾಡಿ ಇಡಲು ಅಷ್ಟು ಅನುಕೂಲ ಇಲ್ಲ. ನಾಲ್ಕು ಪುಟದ ಪ್ರಾಜೆಕ್ಟ್ ವರದಿಯನ್ನು ಹೆಬ್ಬೆರಳಿನಲ್ಲಿ ಟೈಪ್ ಮಾಡಿದ ಮಗು ಎರಡನೇ ಸಲ ಆ ಸಾಹಸಕ್ಕೆ ಹೋಗುವುದಿಲ್ಲ.

ಅದಕ್ಕೇ ನನ್ನ ಮೊದಲ ಪಾಠ ಯಾವಾಗಲೂ ಫೈಲು, ಫೋಲ್ಡರು, ಸೇವ್ ಮಾಡುವುದು. ನಿಮ್ಮದು ಒಕ್ಕಲುತನದ ಮನೆ, ಹಾಗಾಗಿ ಮಗಳಿಗೆ ಹೀಗೆ ಹೇಳಿ ನೋಡಿ. ರ್‍ಯಾಮ್ ಅಂದರೆ ಕಣ. ಸ್ಟೋರೇಜ್ ಅಂದರೆ ಹಗೇವು. ರಾಶಿ ಮಾಡುವುದು, ತೂರುವುದು, ಅಳೆಯುವುದು ಎಲ್ಲಾ ಕಣದಲ್ಲೇ. ಕಣ ದೊಡ್ಡದಿದ್ದಷ್ಟೂ ಒಂದೇ ಸಲಕ್ಕೆ ಜಾಸ್ತಿ ಕೆಲಸ ನಡೆಯುತ್ತದೆ. ಆದರೆ ಮಳೆ ಬಂದರೆ ಕಣದಲ್ಲಿದ್ದದ್ದು ಹೋಯಿತು, ಹಗೇವಿಗೆ ಸೇರಿದ್ದು ಮಾತ್ರ ಉಳಿಯಿತು. ಕಂಪ್ಯೂಟರಿಗೆ ಕರೆಂಟ್ ಹೋಗುವುದೇ ಮಳೆ. ಕಂಟ್ರೋಲ್ ಕೀಲಿ ಹಿಡಿದು ಎಸ್ ಒತ್ತಿದರೆ ಕಾಳು ಹಗೇವಿಗೆ ಇಳಿದಂತೆ. ಇಷ್ಟು ತಿಳಿದ ಮಗು "ನನ್ನ ಪಾಠ ಅಳಿಸಿಹೋಯಿತು" ಅಂತ ಅಳುವುದಿಲ್ಲ. "8 ಜಿಬಿ ರ್‍ಯಾಮ್, 256 ಜಿಬಿ ಸ್ಟೋರೇಜ್" ಅಂತ ಅಂಗಡಿಯವನು ಹೇಳಿದಾಗ ಎರಡಕ್ಕೂ ವ್ಯತ್ಯಾಸ ಏನು ಅಂತ ಅದಕ್ಕೆ ಗೊತ್ತಿರುತ್ತದೆ.

ಫೈಲಿನ ಗಾತ್ರ ಅಳೆಯುವ ಕೆಬಿ, ಎಂಬಿ ಕೂಡ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯ ಅಂದುಕೊಳ್ಳಬೇಡಿ. ಸ್ಕಾಲರ್‌ಶಿಪ್ಪಿಗೋ, ಯಾವುದಾದರೂ ಪ್ರವೇಶ ಪರೀಕ್ಷೆಗೋ ಅರ್ಜಿ ಹಾಕುವಾಗ "ಫೋಟೊ 50 ಕೆಬಿ ಒಳಗೆ ಇರಬೇಕು" ಅನ್ನುವ ಸಾಲು ನೋಡಿರುತ್ತೀರಿ. ಫೋನಿನಲ್ಲಿ ತೆಗೆದ ಫೋಟೊ 4 ಎಂಬಿ ಇರುತ್ತದೆ ಅಂದುಕೊಳ್ಳಿ. 1024 ಕೆಬಿ ಸೇರಿದರೆ 1 ಎಂಬಿ, ಅಂದರೆ ಆ ಫೋಟೊ 4096 ಕೆಬಿ. ಕೇಳಿದ್ದಕ್ಕಿಂತ ಎಂಬತ್ತು ಪಟ್ಟು ದೊಡ್ಡದು. ವೆಬ್‌ಸೈಟು ತಗೊಳ್ಳುವುದಿಲ್ಲ. ಆಗ ಸೈಬರ್ ಸೆಂಟರಿಗೆ ಓಡುತ್ತೇವೆ, ಅಲ್ವಾ? ಫೋಟೊ ಅಂದರೆ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ ಇದ್ದರೆ ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ. ಅದನ್ನು 400ಕ್ಕೆ 300 ಮಾಡಿದರೆ ಒಂದು ಲಕ್ಷ ಇಪ್ಪತ್ತು ಸಾವಿರ, ಅಂದರೆ ನೂರರಲ್ಲಿ ಒಂದು ಪಾಲು. ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಅಷ್ಟು ಸಾಕು. ಈ ಗುಣಾಕಾರ ಎಂಟನೇ ಕ್ಲಾಸಿನ ಹುಡುಗಿಗೆ ಗೊತ್ತು. ಫೋಟೊ ಕಿರಿದು ಮಾಡುವುದನ್ನು ಒಂದು ಸಲ ಕೈಯಾರೆ ಮಾಡಿದರೆ ಸಾಕು, ಊರಿನ ಅರ್ಧ ಜನ ಅವಳ ಹತ್ತಿರ ಬರುತ್ತಾರೆ.

ಈಗ ಇಂಗ್ಲಿಷ್ ಭಯದ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕನ್ನಡ ಮಾಧ್ಯಮದ ಎಷ್ಟೋ ಜಾಣ ಮಕ್ಕಳು ಇಲ್ಲೇ ನಿಂತುಬಿಡುತ್ತಾರೆ. ಕಂಪ್ಯೂಟರಿಗೆ ಇಂಗ್ಲಿಷ್ ಬರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಅದಕ್ಕೆ ಬರುವುದು ಸಂಖ್ಯೆ ಮಾತ್ರ, ಅದೂ ಸೊನ್ನೆ ಮತ್ತು ಒಂದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65. ನಮ್ಮ "ಕ" ಅಕ್ಷರಕ್ಕೆ 3221. ಯೂನಿಕೋಡ್ ಅನ್ನುವ ಪದ್ಧತಿಯಲ್ಲಿ ಜಗತ್ತಿನ ಬಹುತೇಕ ಲಿಪಿಗಳಿಗೆ ಹೀಗೆ ಜಾಗ ಕೊಟ್ಟಿದ್ದಾರೆ. ಯಂತ್ರಕ್ಕೆ 65 ಬೇರೆ ಅಲ್ಲ, 3221 ಬೇರೆ ಅಲ್ಲ.

ಒಂದು ಚಿಕ್ಕ ಪ್ರಯೋಗ ಮಾಡಿಸಿ. "ಕನ್ನಡ" ಅಂತ ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಐದು: ಕ, ನ, ಒತ್ತಕ್ಷರ ಮಾಡುವ ಅರ್ಧ ಚಿಹ್ನೆ, ಮತ್ತೊಂದು ನ, ಆಮೇಲೆ ಡ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಇದನ್ನೇ ಕೆ, ಎನ್, ಎಫ್, ಎನ್, ಡಬ್ಲ್ಯು ಅಂತ ಐದು ಕೀಲಿ ಒತ್ತಿ ಬರೆಯುತ್ತೇವೆ. ಅಲ್ಲಿ ಎಫ್ ಕೀಲಿಯೇ ಒತ್ತು ಕೊಡುವುದು. ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದರೆ ಪ್ರತಿಯೊಂದಕ್ಕೂ ಮೂರು ಬೈಟಿನಂತೆ ಹದಿನೈದು ಬೈಟು (ಬೈಟು ಅಂದರೆ ಗಾತ್ರದ ಚಿಕ್ಕ ಅಳತೆ, ಕೆಬಿಗಿಂತ ಬಹಳ ಸಣ್ಣದು). ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಆ 15 ಅಲ್ಲೇ ಕಾಣುತ್ತದೆ. ಮಕ್ಕಳು ಈ ಸಂಖ್ಯೆ ನೋಡಿದಾಗ ಅವರ ಮುಖ ನೋಡಬೇಕು. ತಮ್ಮ ವ್ಯಾಕರಣದ ಸಂಯುಕ್ತಾಕ್ಷರದ ಪಾಠ ಯಂತ್ರದೊಳಗೂ ಇದೆ ಅಂತ ಗೊತ್ತಾದ ಕ್ಷಣ ಅದು. ಈ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದ್ದು. ಕರ್ನಾಟಕ ಸರ್ಕಾರ ಅದನ್ನೇ ಒಪ್ಪಿಕೊಂಡಿದೆ. ಕನ್ನಡದ ವರ್ಣಮಾಲೆಯನ್ನು ಚೆನ್ನಾಗಿ ಬಲ್ಲ ಮಗು ಇದನ್ನು ಹತ್ತು ಹದಿನೈದು ದಿನದಲ್ಲಿ ಕಲಿಯುವುದನ್ನು ನಾನೇ ಕಂಡಿದ್ದೇನೆ.

ಇಲ್ಲೇ ಒಂದು ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಕಾಣುತ್ತದೆ. ಫೈಲು ಕೆಟ್ಟಿದೆ ಅಂತ ಅಳಿಸಬೇಡಿ. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಸಂಖ್ಯೆಯ ಮೇಲೇ ಕನ್ನಡದ ಆಕಾರ ಬಿಡಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬರುತ್ತದೆ, ಅಷ್ಟೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮಗಳು ಮೊದಲ ದಿನದಿಂದಲೇ ಯೂನಿಕೋಡಿನಲ್ಲೇ ಬರೆಯಲಿ.

ಹಾಗಂತ ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮೆನುವಿನ ಪದಗಳು ಬೇಕು: ಫೈಲ್, ಎಡಿಟ್, ಇನ್ಸರ್ಟ್, ಡೌನ್‌ಲೋಡ್, ಸೆಟ್ಟಿಂಗ್ಸ್, ಹೀಗೆ. ಐವತ್ತು ಅರವತ್ತು ಪದ ಗುರುತಿಸಿದರೆ ದಿನದ ಕೆಲಸ ನಡೆಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪದ ಬರೆದು ಪಕ್ಕದಲ್ಲಿ ಅದು ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಬರೆದುಕೊಳ್ಳಲಿ. ಲಿಬ್ರೆ ಆಫೀಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಮೆನುವನ್ನೇ ಕನ್ನಡಕ್ಕೆ ಬದಲಿಸಬಹುದು. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ, ಅವೂ ಉಚಿತ. ಒಂದು ಪಾಠ ಹತ್ತು ನಿಮಿಷದ ಆಸುಪಾಸು. ಸ್ವಲ್ಪ ನೋಡುವುದು, ನಿಲ್ಲಿಸಿ ತಾನೇ ಮಾಡುವುದು, ಮತ್ತೆ ನೋಡುವುದು. ಅವುಗಳನ್ನು ಹಾಗೆ ಕಲಿಯಲೆಂದೇ ಮಾಡಿದ್ದಾರೆ.

ಕೋಡಿಂಗ್ ವಿಚಾರಕ್ಕೆ ಬರುತ್ತೇನೆ. ನಿಮ್ಮ ತಮ್ಮನ ಮಗ ಆರನೇ ಕ್ಲಾಸಿನಲ್ಲಿ ಕಲಿಯುತ್ತಿರುವುದು ತಪ್ಪಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರರಿಂದ ಎಂಟನೇ ತರಗತಿಯ ಹಂತದಲ್ಲಿ ಕೋಡಿಂಗ್ ಚಟುವಟಿಕೆ ಶುರು ಮಾಡಬೇಕು ಅಂತ ಇದೆ. ಅಲ್ಲಿರುವುದು ಚಟುವಟಿಕೆ ಅನ್ನುವ ಮಾತು. ಅದನ್ನು ಕೆಲವರು "ಈಗ ಕೋಡಿಂಗ್ ಕಲಿಯದ ಮಗುವಿಗೆ ಮುಂದೆ ಕೆಲಸವೇ ಇಲ್ಲ" ಅನ್ನುವ ಮಟ್ಟಕ್ಕೆ ಎಳೆದು ತಂದೆ ತಾಯಿಯನ್ನು ಹೆದರಿಸಿದರು. ಈ ಹೆದರಿಕೆ ನನಗೆ ನಿಜಕ್ಕೂ ಬೇಸರ ತರುತ್ತದೆ. ಸಾಲ ಮಾಡಿ ಫೀಸು ಕಟ್ಟಿದವರನ್ನು ನೋಡಿದ್ದೇನೆ.

ಕೋಡಿಂಗ್ ಅಂದರೆ ಮೂಲದಲ್ಲಿ ಏನು? ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಯಂತ್ರಕ್ಕೆ ಒಂದು ಹೆಜ್ಜೆಯನ್ನೂ ಬಿಡದೆ ಹೇಳುವುದು. ಇದಕ್ಕೆ ಕಂಪ್ಯೂಟರೇ ಬೇಕಿಲ್ಲ. ನಿಮ್ಮ ಮಗಳಿಗೆ ಚುಕ್ಕಿ ರಂಗೋಲಿ ಬರುತ್ತದೆ ಅಂದುಕೊಂಡಿದ್ದೇನೆ. ಏಳರಿಂದ ಒಂದರವರೆಗೆ ನೇರ ಚುಕ್ಕಿ ಇಡುವುದನ್ನು ಕಾಗದದಲ್ಲಿ ಮಾತಿನಲ್ಲೇ ಬರೆಯಲಿ, ಚಿತ್ರ ಬಿಡಿಸಬಾರದು. ಆ ಕಾಗದ ನೋಡಿಕೊಂಡು ಗೆಳತಿ ಇನ್ನೊಂದು ಕೋಣೆಯಲ್ಲಿ ಚುಕ್ಕಿ ಇಡಲಿ. ಮೊದಲ ಸಲ ಖಂಡಿತ ಸೊಟ್ಟ ಬರುತ್ತದೆ. ಆಗ ಇಬ್ಬರೂ ಕೂತು, ಯಾವ ಸಾಲು ಸರಿಯಾಗಿ ಬರೆದಿಲ್ಲ ಅಂತ ಹುಡುಕುತ್ತಾರೆ. ಕಡೆಗೆ ಹೀಗೆ ಬರುತ್ತದೆ: "ನಡುವೆ ಏಳು ಚುಕ್ಕಿ ಇಡು. ಅದರ ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು, ಎರಡೂ ತುದಿಯಲ್ಲಿ ಒಂದೊಂದು ಚುಕ್ಕಿ ಕಡಿಮೆ. ಒಂದೇ ಚುಕ್ಕಿ ಉಳಿಯುವವರೆಗೆ ಹೀಗೇ ಮಾಡು." ಎಣಿಸಿದರೆ ಇಪ್ಪತ್ತೈದು ಚುಕ್ಕಿ. "ಉಳಿಯುವವರೆಗೆ ಹೀಗೇ ಮಾಡು" ಅನ್ನುವುದಕ್ಕೆ ಕಂಪ್ಯೂಟರಿನವರು ಲೂಪ್ ಅನ್ನುತ್ತಾರೆ. ತಪ್ಪಿದ ಸಾಲು ಹುಡುಕುವುದಕ್ಕೆ ಡಿಬಗ್ ಅನ್ನುತ್ತಾರೆ. ಏಳರ ಬದಲು ಹದಿಮೂರು ಅಂದರೂ ಅದೇ ಮಾತು ನಡೆಯುತ್ತದಾ ಅಂತ ಕೇಳಿ ನೋಡಿ. ನಡೆಯುತ್ತದೆ. ಕೋಡಿಂಗಿನ ಜೀವ ಇರುವುದು ಅಲ್ಲಿ.

ಇದಾದ ಮೇಲೆ ಸ್ಕ್ರ್ಯಾಚ್ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು, 2007ರಲ್ಲಿ ಹೊರಬಂತು, ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಬಣ್ಣದ ತುಂಡುಗಳನ್ನು ಜೋಡಿಸಿ ಬೆಕ್ಕನ್ನು ಓಡಿಸುವ, ಆಟ ಮಾಡುವ ಸಾಧನ. ಎಂಟು, ಒಂಬತ್ತನೇ ಕ್ಲಾಸಿಗೆ ಇದು ಬೇಕಾದಷ್ಟಾಯಿತು. ಪೈಥಾನ್ ಅನ್ನುವ ಕೋಡಿಂಗ್ ಭಾಷೆಯನ್ನು ಹತ್ತನೇ ಕ್ಲಾಸಿನ ರಜೆಯಲ್ಲಿ ಕಲಿತರೆ ಏನೂ ನಷ್ಟವಿಲ್ಲ. ಟ್ಯಾಲಿ ವಾಣಿಜ್ಯದ ಲೆಕ್ಕ ಇಡುವ ತಂತ್ರಾಂಶ. ಡೆಬಿಟ್, ಕ್ರೆಡಿಟ್ ಏನು ಅಂತ ಗೊತ್ತಿಲ್ಲದ ಮಗುವಿಗೆ ಅದನ್ನು ಕಲಿಸಿದರೆ ಯಾವ ಬಟನ್ ಒತ್ತಬೇಕು ಅನ್ನುವುದಷ್ಟೇ ನೆನಪಿರುತ್ತದೆ, ಆರು ತಿಂಗಳಿಗೆ ಅದೂ ಮರೆಯುತ್ತದೆ.

ಲೆಕ್ಕಕ್ಕೆ ಸ್ಪ್ರೆಡ್‌ಶೀಟ್, ಅಂದರೆ ಲೆಕ್ಕದ ಹಾಳೆ, ಕಲಿಯಲಿ. ನಿಮ್ಮ ಮನೆಯಲ್ಲೇ ಪಠ್ಯ ಇದೆ, ಡೇರಿಯ ಚೀಟಿ. ಮೊದಲ ಕಾಲಂನಲ್ಲಿ ತಾರೀಖು, ಎರಡನೆಯದರಲ್ಲಿ ಲೀಟರು, ಮೂರನೆಯದರಲ್ಲಿ ಆ ದಿನದ ದರ. ನಾಲ್ಕನೆಯದರಲ್ಲಿ ಸಮ ಚಿಹ್ನೆ ಹಾಕಿ, ಎರಡನೆಯದನ್ನು ಮೂರನೆಯದರಿಂದ ಗುಣಿಸು ಅಂತ ಬರೆಯಲಿ. ಕೆಳಗೆ ಎಳೆದರೆ ತಿಂಗಳ ಲೆಕ್ಕವೆಲ್ಲ ತುಂಬುತ್ತದೆ. ಹಿಂಡಿ, ಬೂಸಾ ಖರ್ಚು ಇನ್ನೊಂದು ಕಾಲಂನಲ್ಲಿ. ಎರಡು ತಿಂಗಳಾದ ಮೇಲೆ ಒಂದು ನಕ್ಷೆ (ಗ್ರಾಫ್) ತೆಗೆದು ಅಪ್ಪನಿಗೆ ತೋರಿಸಲಿ. ಆಮೇಲೆ "ಸುಮ್ನೆ ದುಡ್ಡು ಯಾಕೆ" ಅನ್ನುವ ಮಾತಿನ ಧಾಟಿ ಬದಲಾಗಬಹುದು.

ಸರಿ, ಇದನ್ನೆಲ್ಲ ಯಾವುದರಲ್ಲಿ ಮಾಡಬೇಕು? ನಿಮ್ಮ ಮುಂದೆ ಇರುವ ದಾರಿಗಳು ಮತ್ತು ಅವುಗಳ ತೊಂದರೆ ಹೇಳುತ್ತೇನೆ.

ತೀರಾ ಕಡಿಮೆ ಖರ್ಚಿನದ್ದು, ಮನೆಯ ಆಂಡ್ರಾಯ್ಡ್ ಫೋನಿಗೆ ಒಟಿಜಿ ಅನ್ನುವ ಸಣ್ಣ ಜೋಡಣೆ ಹಾಕಿ ಕಂಪ್ಯೂಟರಿನ ಮಾಮೂಲಿ ಕೀಬೋರ್ಡ್ ಸೇರಿಸುವುದು. ಎಲ್ಲಾ ಸೇರಿ ಸಾವಿರ ರೂಪಾಯಿ ದಾಟಬಾರದು. ಹತ್ತು ಬೆರಳಿನ ಟೈಪಿಂಗ್, ಫೈಲುಗಳನ್ನು ಹೆಸರಿಟ್ಟು ಜೋಡಿಸುವುದು, ಸಣ್ಣ ಲೆಕ್ಕದ ಹಾಳೆ ಎಲ್ಲಾ ಅದರಲ್ಲೇ ಸಾಧ್ಯ. ನಿಮ್ಮ ಫೋನಿಗೆ ಒಟಿಜಿ ನಡೆಯುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ ತಗೊಳ್ಳಿ. ತೊಂದರೆ ಏನೆಂದರೆ ಪರದೆ ಚಿಕ್ಕದು, ನಡುವೆ ಮೆಸೇಜು ಬಂದು ಗಮನ ಹೋಗುತ್ತದೆ. ಆ ಅರ್ಧ ಗಂಟೆ ನೆಟ್ ಆಫ್ ಮಾಡಿಡಿ.

ಎರಡನೆಯದು, ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಈಗ ಅವುಗಳಿಗೆ ಅರಿವು ಕೇಂದ್ರ ಅನ್ನುತ್ತಾರೆ, ಬಹಳಷ್ಟು ಕಡೆ ಕಂಪ್ಯೂಟರ್ ಕೊಟ್ಟಿದ್ದಾರೆ. ಹೋಗಿ ಕೇಳಿ. ಮಕ್ಕಳು ಬಂದು ಬಳಸಿದರೆ ಅಲ್ಲಿನ ಮೇಲ್ವಿಚಾರಕರಿಗೂ ಹುರುಪು. ಆದರೆ ಅಲ್ಲಿಯೇ ಆಗಲಿ, ಸೈಬರ್ ಸೆಂಟರಿನಲ್ಲೇ ಆಗಲಿ, ಬೇರೆಯವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಉಳಿಸಬಾರದು, ಎದ್ದು ಬರುವಾಗ ಲಾಗೌಟ್ ಮಾಡಲೇಬೇಕು. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟರೆ ವೈರಸ್ ಹತ್ತುವುದು ಜಾಸ್ತಿ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಬಂದರೆ ಅದೇ ಲಕ್ಷಣ. ಒಳಗಿನ ಫೈಲು ಸಾಮಾನ್ಯವಾಗಿ ಅಡಗಿ ಕೂತಿರುತ್ತದೆ. ಆ ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡದೆ ಗೊತ್ತಿದ್ದವರಿಗೆ ತೋರಿಸಿ.

ಮೂರನೆಯದು, ಲ್ಯಾಪ್‌ಟಾಪ್. ಹೊಸದಕ್ಕೆ ಈಗ ಕೈ ಹಾಕಬೇಡಿ. ಕೋರ್ಸಿಗೆ ಎತ್ತಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದನ್ನು ನೋಡಬಹುದು, ಆದರೆ ಕಣ್ಣು ತೆರೆದು ಕೊಳ್ಳಬೇಕು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ವಿಂಡೋಸ್. ಅದರ 10ನೇ ಆವೃತ್ತಿಗೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನದು ಬೇಕು. ಅದಕ್ಕೇ ಏಳನೇ ತಲೆಮಾರಿನವರೆಗಿನ ಯಂತ್ರಗಳನ್ನು ಅಗ್ಗದ ಬೆಲೆಗೆ ದಾಟಿಸುತ್ತಾರೆ. ಐ5 ಅಂತ ಬರೆದು ಗೀಟಿನ ಮುಂದೆ 8ರಿಂದ ಶುರುವಾಗುವ ನಾಲ್ಕಂಕಿ ಇದ್ದರೆ ಅದು ಎಂಟನೆಯದು. ರ್‍ಯಾಮ್ 8 ಜಿಬಿ ಇರಲಿ. ಸ್ಟೋರೇಜಿಗೆ ಹಳೆಯ ಹಾರ್ಡ್ ಡಿಸ್ಕ್ ಬೇಡ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಇರಲಿ. ಚಾರ್ಜರ್ ತೆಗೆದು ಅರ್ಧ ಗಂಟೆ ಅಂಗಡಿಯಲ್ಲೇ ಓಡಿಸಿ ಬ್ಯಾಟರಿ ನೋಡಿ. ಬಿಲ್ ಇಲ್ಲದೆ ತಗೊಳ್ಳಬೇಡಿ. ಇನ್ನೂ ಹಳೆಯದು ಯಾರಾದರೂ ಸುಮ್ನೆ ಕೊಟ್ಟರೆ ಬಿಡಬೇಡಿ, ಅದಕ್ಕೆ ವಿಂಡೋಸ್ ಬದಲು ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿಸಿ. ಟೈಪಿಂಗ್, ಲೆಕ್ಕ, ಸ್ಕ್ರ್ಯಾಚ್ ಎಲ್ಲಾ ಅದರಲ್ಲೂ ಆಗುತ್ತದೆ. ಯಂತ್ರ ಮಗಳ ಕೋಣೆಯಲ್ಲಿ ಬೇಡ, ಎಲ್ಲರೂ ಓಡಾಡುವ ಪಡಸಾಲೆಯಲ್ಲಿರಲಿ.

ನಾಲ್ಕನೆಯದು, ಸೆಂಟರ್. ಎಲ್ಲವೂ ಮೋಸ ಅಂತ ನಾನು ಹೇಳಲಾರೆ. ಒಳ್ಳೆಯ ಕಲಿಸುವವರು ಸಣ್ಣ ಊರುಗಳಲ್ಲೂ ಇದ್ದಾರೆ. ಆದರೆ ಆರು ತಿಂಗಳಲ್ಲಿ ನಾಲ್ಕು ವಿಷಯ, ಅದೂ ಎಂಟನೇ ಕ್ಲಾಸಿಗೆ, ಅಂದಾಗ ನನಗೆ ಅನುಮಾನ ಬರುತ್ತದೆ. ಒಂದು ದಿನ ಹೋಗಿ ಕೂತು ನೋಡಿ. ಮಕ್ಕಳ ಕೈ ಕೀಬೋರ್ಡಿನ ಮೇಲಿದೆಯಾ, ನೋಟ್ಸ್ ಬರೆಯುತ್ತಿದೆಯಾ? ಒಂದು ಮಗುವಿಗೆ ಒಂದು ಕಂಪ್ಯೂಟರ್ ಇದೆಯಾ? ತಿಂಗಳು ತಿಂಗಳು ಫೀಸು ಕಟ್ಟಬಹುದಾ? ಟೈಪಿಂಗ್, ಫೈಲು, ಲೆಕ್ಕದ ಹಾಳೆ ಇಷ್ಟನ್ನೇ ಎರಡು ತಿಂಗಳು ಕಲಿಸುತ್ತೀರಾ ಅಂತ ಕೇಳಿ. ಒಪ್ಪಿದರೆ ಸೇರಿಸಿ. ಪೂರ್ತಿ ಹದಿನೆಂಟು ಸಾವಿರ ಮೊದಲೇ ಕಟ್ಟಿ ಅಂದರೆ ಎದ್ದು ಬನ್ನಿ. ಸರ್ಟಿಫಿಕೇಟು ಈ ವಯಸ್ಸಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಈ ವರ್ಷ ಕೀಬೋರ್ಡ್ ಮತ್ತು ಅರಿವು ಕೇಂದ್ರ, ಮಗಳ ಆಸಕ್ತಿ ಹಾಗೇ ಉಳಿದಿದೆ ಅನ್ನಿಸಿದರೆ ಮುಂದಿನ ವರ್ಷ ಹಳೆಯ ಲ್ಯಾಪ್‌ಟಾಪ್.

ಇನ್ನೆರಡು ವಿಷಯ ಚುಟುಕಾಗಿ. ಒಟಿಪಿ ಯಾರಿಗೂ ಹೇಳಬಾರದು ಅಂತ ಮಗಳಿಗೆ ಗೊತ್ತಿರುತ್ತದೆ. ಫೋನಿನಲ್ಲಿ ನಿಮ್ಮ ಬ್ಯಾಂಕ್ ಇದೆ ಅನ್ನುವುದೂ ಗೊತ್ತಿರಲಿ. ದುಡ್ಡು ಹೋಯಿತು ಅನ್ನಿಸಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ಕಷ್ಟ. "ಅಮ್ಮ ಬೈಯ್ಯುತ್ತಾಳೆ" ಅಂತ ಮಕ್ಕಳು ಮುಚ್ಚಿಡುತ್ತಾರೆ, ಹಾಗಾಗಿ ಬೈಯ್ಯುವುದಿಲ್ಲ ಅಂತ ಇವತ್ತೇ ಹೇಳಿಡಿ. ಇನ್ನು, ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಚಾಟ್‌ಜಿಪಿಟಿಯಂಥವು. ಪ್ರಬಂಧ ಬರೆಸಿಕೊಂಡು ಹಾಗೇ ನಕಲು ಮಾಡಿದರೆ ಕೈಗೂ ತಲೆಗೂ ಏನೂ ಸಿಗುವುದಿಲ್ಲ. ತಾನು ಬರೆದದ್ದನ್ನು ತೋರಿಸಿ "ಎಲ್ಲಿ ತಪ್ಪಿದೆ" ಅಂತ ಕೇಳುವುದು, ಬಂದ ಉತ್ತರವನ್ನು ಪಠ್ಯಪುಸ್ತಕದ ಜೊತೆ ಹೋಲಿಸುವುದು ಒಳ್ಳೆಯದು. ಅದು ಧೈರ್ಯವಾಗಿ ತಪ್ಪು ಹೇಳುವುದೂ ಉಂಟು.

ಕೊನೆಯದಾಗಿ ಶಾಲೆಯ ಕಂಪ್ಯೂಟರ್. ನಾನು ಹೋದ ಒಂದು ಶಾಲೆಯಲ್ಲಿ ಯಂತ್ರಗಳಿಗೆ ಬಟ್ಟೆ ಹೊದಿಸಿ ಬೀಗ ಹಾಕಿದ್ದರು. ಮಕ್ಕಳು ಮುಟ್ಟಿದರೆ ಕೆಡುತ್ತವೆ ಅನ್ನುವ ಭಯ. ಬಳಸದೆ ಇಟ್ಟ ಮೂರು ವರ್ಷದಲ್ಲಿ ಅವು ತಾವಾಗಿಯೇ ಕೆಟ್ಟಿದ್ದವು. ನಿಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆಯಾದರೂ ತೆರೆಯುತ್ತಾರೆ, ಅದು ದೊಡ್ಡದು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ. ಐದಾರು ಮಕ್ಕಳ ಗುಂಪಿನಲ್ಲಿ ಮೌಸ್ ಯಾವಾಗಲೂ ಒಬ್ಬರ ಕೈಯಲ್ಲೇ ಇರುತ್ತದೆ, ಹೆಚ್ಚಾಗಿ ಹುಡುಗರ ಕೈಯಲ್ಲಿ. ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲಿಸಿ ಅಂತ ಕೇಳಿ. ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಲ್ಯಾಬ್ ತೆರೆಯಬಹುದಾ ಅಂತಲೂ ಕೇಳಿ. ಒಬ್ಬರೇ ಹೋಗಬೇಡಿ, ಇನ್ನೂ ನಾಲ್ಕು ಜನ ತಾಯಂದಿರನ್ನು ಕರೆದುಕೊಂಡು ಹೋಗಿ.